ತಾರೀಖು ಹೇಳು

ಕೂತುಕೋ ಲೆಜೂನ್. ಆ ಕುರ್ಚಿ ಬೇಡ, ಒಂದು ಕಾಲು ಕುಂಟು.
ನೀನು ಕೊಂದಿಲ್ಲ. ಸರಿ.
ಈ ಕಪಾಟೂ ಕೊಂದಿಲ್ಲ, ಮೇಲಿನ ಫ್ಯಾನೂ ಕೊಂದಿಲ್ಲ.
ಅದು ಆಮೇಲೆ.
ಮೊದಲು ತಾರೀಖು ಹೇಳು.

ಲೂಸಿಯಾನದ ದೊಡ್ಡ ಕೋರ್ಟು ನಿನ್ನ ಮೇಲ್ಮನವಿಯನ್ನು
ಒಂದೇ ಸಾಲಿನಲ್ಲಿ ತಳ್ಳಿಹಾಕಿದ ದಿನ ಯಾವುದು?
ಲಕೋಟೆ ತಂದಿದ್ದೀಯಾ? ಅಂಚೆಯ ಮುದ್ರೆ ಯಾರಿಗೆ ಬೇಕು,
ಒಳಗಿನ ಹಾಳೆ ತೆಗೆ, ಕೆಳಗೆ ಬಲಗಡೆ ನೋಡು.
ಅಲ್ಲಿಂದ ತೊಂಬತ್ತು ದಿನ
ವಾಷಿಂಗ್ಟನ್ನಿನ ಕದ ತಟ್ಟಬಹುದಿತ್ತು ನೀನು. ತಟ್ಟಲಿಲ್ಲ.
ತಟ್ಟದಿದ್ದರೂ ಆ ತೊಂಬತ್ತು ನಿನ್ನವೇ.
ಆಮೇಲೆ ಒಂದು ವರ್ಷ.
ಒಂದೇ.

ರಾಜ್ಯದ ಕೋರ್ಟಿನಲ್ಲಿ ನಿನ್ನ ಇನ್ನೊಂದು ಅರ್ಜಿ
ಕ್ರಮವಾಗಿ ಸಲ್ಲಿಸಿ ಮಲಗಿದ್ದಷ್ಟು ಕಾಲ
ಗಡಿಯಾರವೂ ಮಲಗುತ್ತದೆ.
ವಕೀಲ ಮಲಗಿದರೆ ಮಲಗುವುದಿಲ್ಲ.

ತಡಿ, ಎಣಿಸುತ್ತೇನೆ.
ಈ ಕ್ಯಾಲೆಂಡರ್ ಶವಪೆಟ್ಟಿಗೆ ಮಾರುವವರು ಕೊಟ್ಟದ್ದು,
ಅಂಕೆಗಳು ದಪ್ಪ, ನನ್ನ ಕಣ್ಣಿಗೆ ಆಗುತ್ತದೆ.

ಅಷ್ಟರಲ್ಲಿ ಈ ಫಾರಂ ಓದು, ಜೋರಾಗಿ ಓದು.
ಯಾವ ಕೋರ್ಟು, ಯಾವ ಶಿಕ್ಷೆ, ಎಷ್ಟು ವರ್ಷ.
ಎದುರಾಳಿ ಎಂಬಲ್ಲಿ ವಾರ್ಡನ್ನನ ಹೆಸರು.
ಸುಳ್ಳು ಸಾಕ್ಷಿ ಹೇಳಿದ ನಿನ್ನ ಷಡ್ಡಕನ ಹೆಸರು ಬೇಡ,
ಆ ಪೊಲೀಸನದೂ ಬೇಡ.
ಬೀಗದ ಕೈ ಯಾರ ವಶದಲ್ಲಿದೆಯೋ ಅವನ ಮೇಲೆ ಅರ್ಜಿ.
ಆ ಲ್ಯಾಟಿನ್ ಮಾತಿನ ಅರ್ಥ ಕೇಳಿದೆಯಲ್ಲ:
ದೇಹವನ್ನು ತಂದು ನಿಲ್ಲಿಸು, ಅಂತ.
ಹಾಗಂತ ಇಸ್ತ್ರಿ ಮಾಡಿದ ಅಂಗಿ ಹುಡುಕಬೇಡ.
ಸಾಮಾನ್ಯವಾಗಿ ನಮ್ಮ ದೇಹ ಹೋಗುವುದಿಲ್ಲ, ಕಾಗದ ಹೋಗುತ್ತದೆ.
ಅಕ್ಷರ ಚೊಕ್ಕಟವಾಗಿರಲಿ.
ಅಲ್ಲಿ ಅದೇ ನಿನ್ನ ಮೈ.

ಹನ್ನೆರಡನೆಯ ಪ್ರಶ್ನೆಗೆ ನಿಲ್ಲು.
ಇಲ್ಲಿ ಕೈ ನಡುಗಬೇಕು.
ಕೆಳಗಿನ ಕೋರ್ಟುಗಳಿಗೆ ಹೇಳದ ಮಾತನ್ನು
ಇಲ್ಲಿ ಮೊದಲ ಸಲ ಹೇಳಿದರೆ ಕೇಳುವವರಿಲ್ಲ.
ಹೇಳಿದ್ದನ್ನೇ ಹೇಳು, ಅದೇ ನೋವು, ಅದೇ ಜಾಗ ತೋರಿಸು,
ಸಂವಿಧಾನದ ಯಾವ ಸಾಲು ಮುರಿಯಿತು ಅಂತ ಹೇಳು.
ಬರಿಯ ಅನ್ಯಾಯ ಸಾಲದು.
ಅನ್ಯಾಯಕ್ಕೆ ಒಂದು ನಂಬರು ಬೇಕು.

ಶುಲ್ಕ ಐದು ಡಾಲರ್.
ನಗಬೇಡ. ಗಂಟೆಗೆ ನಾಲ್ಕು ಸೆಂಟಿನಂತೆ
ನೂರಿಪ್ಪತ್ತೈದು ಗಂಟೆ ಬೆಂಡೆಕಾಯಿ ಕಿತ್ತರೆ ಒಂದು ಅರ್ಜಿ.
ಇಲ್ಲವೋ, ಬಡವ ಅಂತ ಬರೆದುಕೊಡು,
ನಿನ್ನ ಖಾತೆಯ ಚೀಟಿಗೆ ಕಚೇರಿಯ ಸಹಿ ತಾ.
ಬಡತನಕ್ಕೂ ಅವರದೇ ಸಹಿ.

ನನ್ನದಾ?
ನನ್ನದು ಎರಡು ದಿನ ತಡ.
ಚಂಡಮಾರುತದ ವಾರ, ಈ ಕೋಣೆಗೆ ಬೀಗ,
ನೀರು ಹಾಸಿಗೆಯ ಮಟ್ಟಕ್ಕೆ. ಕಾರಣ ಬರೆದೆ, ಒಪ್ಪಲಿಲ್ಲ.
ಒಳಗೇನಿದೆ ಅಂತ ಯಾರೂ ನೋಡಲಿಲ್ಲ.
ಒಳಗೆ ಶ್ರೀಮತಿ ಓಡೀಲ್ ಬಾಬಿನೋ ಅವರ ಹೇಳಿಕೆ ಇತ್ತು:
ಆ ರಾತ್ರಿ ಆರ್ಸೆನ್ ನನ್ನ ಅಡುಗೆಮನೆಯ ನಲ್ಲಿ
ರಿಪೇರಿ ಮಾಡುತ್ತಿದ್ದ, ಹತ್ತೂವರೆ ತನಕ.
ಆಕೆ ಹೋಗಿ ಆರು ವರ್ಷ.
ನಲ್ಲಿ ಇನ್ನೂ ಸೋರುತ್ತಿರಬಹುದು.
ನಾನು ಅಷ್ಟೇನೂ ಒಳ್ಳೆಯ ಕೆಲಸಗಾರ ಆಗಿರಲಿಲ್ಲ.

ಹೂಂ. ಬಂತು.
ಹದಿನಾರು ದಿನ ಇದೆ, ಭಾನುವಾರಗಳೂ ಸೇರಿ.
ನಾವು ಹದಿಮೂರಕ್ಕೇ ಮುಗಿಸೋಣ.
ಅಂಚೆಗೆ ಹಾಕುವಾಗ ಕಾವಲಿನವನ ಕೈಗೇ ಕೊಡು,
ದಿನ, ಗಂಟೆ ಬರೆಸಿಕೋ.
ಅವನ ಕೈ ಮುಟ್ಟಿದ ಗಳಿಗೆಯೇ ಕೋರ್ಟು ಮುಟ್ಟಿದಂತೆ.
ನಮ್ಮಂಥವರಿಗೆ ಕಾನೂನು ಕೊಟ್ಟ ಒಂದೇ ಒಂದು ಸಕ್ಕರೆ ಹರಳು ಅದು,
ಕಳೆಯಬೇಡ.

ನಾಲ್ಕಕ್ಕೆ ತಲೆ ಎಣಿಸಲು ಬರುತ್ತಾರೆ.
ಅವರಿಗೆ ದೇಹದ ಲೆಕ್ಕ ದಿನಾ ಸರಿಯಾಗಿ ಸಿಗುತ್ತದೆ.
ಇನ್ನೂ ಇಪ್ಪತ್ತು ನಿಮಿಷ ಇದೆ.
ಪೆನ್ಸಿಲ್ ಚೂಪಾಗಿದೆ.

ಈಗ ಹೇಳು ಲೆಜೂನ್.
ಆ ರಾತ್ರಿ ನೀನು ಎಲ್ಲಿದ್ದೆ?